ಕಾರು ನನ್ನದು ಎನ್ನಲು ಒಬ್ಬರು

ಈಚೆಗೆ ಮದುವೆ ಹಾಲಿನಲ್ಲಿ ಊಟಕ್ಕೆ ಕುಳಿತಾಗ ಫ್ಯಾನಿನ ಗಾಳಿಗೆ ಬಾಳೆಎಲೆಯ ತುದಿ ಎದ್ದೆದ್ದು ಬಿದ್ದರೂ ನಾನು ಸುಮ್ಮನೆ ನೋಡುತ್ತ ಇರುತ್ತೇನೆ. ಹಾರಿದರೆ ಹಾರಲಿ. ಮೊದಲು ಹಾಗಿರಲಿಲ್ಲ. ಎಲೆ ಹಾರದಂತೆ ಅದರ ತುದಿಗೆ ಏನಾದರೂ ಭಾರ ಇಡುವ ಚಟ ನನಗೆ. ನೀರಿನ ಲೋಟ ಇಡಬಹುದಿತ್ತಲ್ಲ ಎನ್ನುತ್ತೀರಿ. ಈಗ ಲೋಟವೂ ಕಾಗದದ್ದು, ಎಲೆಗಿಂತ ಮೊದಲು ಅದೇ ಹಾರುತ್ತದೆ. ಹಾಗಾಗಿ ಅವತ್ತು ಕಾಸರಗೋಡಿನ ಆ ಹಾಲಿನಲ್ಲಿ ಕೈಯಲ್ಲಿದ್ದ ಕಾರಿನ ಕೀಲಿಯನ್ನೇ ಎಲೆಯ ತುದಿಗೆ ಇಟ್ಟೆ. ಹೋಳಿಗೆ ತಿಂದೆ, ಎರಡು ಸಲ ಪಾಯಸ ಹಾಕಿಸಿಕೊಂಡೆ, ಎಲೆ ಮಡಚಿದೆ, ಕೈ ತೊಳೆಯಲು ಹೋದೆ. ಕೀಲಿ ಎಲ್ಲಿ ಹೋಯಿತೆಂದು ಇನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನನ್ನು ದಡ್ಡಿ ಎಂದುಕೊಳ್ಳುವ ಮೊದಲು ಒಂದು ಮಾತು ಕೇಳಿ. ನೀವೂ ಎಷ್ಟೋ ಸಲ ಕನ್ನಡಕವನ್ನೋ ಮೊಬೈಲನ್ನೋ ಎಲೆಯ ಪಕ್ಕ ಇಟ್ಟಿದ್ದೀರಿ. ಆದರೆ ನಿಮ್ಮ ಪಕ್ಕದಲ್ಲಿ ನಿಮ್ಮವರು ಯಾರಾದರೂ ಕುಳಿತಿರುತ್ತಾರೆ. “ಏ, ಕೀಲಿ ತೆಗಿ ಮಾರಾಯ್ತಿ” ಎಂದು ಅವರು ಹೇಳುತ್ತಾರೆ, ನೀವು ತೆಗೆಯುತ್ತೀರಿ. ಅಷ್ಟರಲ್ಲೇ ಆ ಕಥೆ ಮುಗಿಯುತ್ತದೆ. ನನ್ನ ಎಡಕ್ಕೆ ಖಾಲಿ ಕುರ್ಚಿ ಇತ್ತು. ಬಲಕ್ಕೆ ಇದ್ದ ಗಂಡಸು ಊಟ ಮುಗಿಯುವವರೆಗೆ ಫೋನಿನಲ್ಲಿ ದುಬೈಯವರೊಡನೆ ಮಾತಾಡುತ್ತಿದ್ದರು.

ಚಿಕ್ಕವಳಿದ್ದಾಗಲೂ ಒಮ್ಮೆ ಹೀಗೇ ಆಗಿತ್ತು. ದೇಲಂಪಾಡಿಯಲ್ಲಿ ನೆರೆಮನೆಯ ಪೂಜೆಯ ಊಟ. ನನ್ನ ಮುಂದಿನ ಹಾಲುಹಲ್ಲು ಅಲುಗಾಡುತ್ತಿತ್ತು, ಚಕ್ಕುಲಿ ಕಚ್ಚಿದಾಗ ಕಿತ್ತು ಬಂತು. ಅದನ್ನು ಎಲೆಯ ಮೂಲೆಯಲ್ಲಿ ಭದ್ರವಾಗಿ ಇಟ್ಟು, ಆಮೇಲೆ ಅಷ್ಟೇ ಭದ್ರವಾಗಿ ಎಲೆ ಮಡಚಿ ಎದ್ದೆ. ಬಿದ್ದ ಹಲ್ಲನ್ನು ಸಗಣಿಯಲ್ಲಿಟ್ಟು ಮನೆಯ ಮಾಡಿನ ಮೇಲೆ ಎಸೆಯದಿದ್ದರೆ ಹೊಸ ಹಲ್ಲು ಬರುವುದಿಲ್ಲ ಎಂಬುದು ಆಗ ನಮಗೆಲ್ಲ ಗೊತ್ತಿದ್ದ ಸತ್ಯ. ನಾನು ಅಂಗಳದಲ್ಲಿ ನಿಂತು ಬಾಯಿ ತೆರೆದು ಅತ್ತೆ. ಅಮ್ಮ ಎಲ್ಲರೆದುರು ಬೈದಳು. ಬೈಯುತ್ತಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಎಂಜಲೆಲೆಯ ರಾಶಿಯ ಹತ್ತಿರ ಕುಳಿತಳು, ಒಂದೊಂದೇ ಎಲೆ ಬಿಡಿಸಿದಳು. ಹಲ್ಲು ಸಿಕ್ಕಿತು. ಅದು ನನ್ನದೇ ಹೌದೋ, ಅಥವಾ ಕೊಬ್ಬರಿ ಚೂರೋ ಎಂದು ನನಗೆ ಇವತ್ತಿಗೂ ಸಂಶಯ ಉಂಟು, ಆದರೆ ಹೊಸ ಹಲ್ಲು ಬಂದದ್ದಂತೂ ನಿಜ.

ಹಾಲಿನ ಹಿಂಬದಿಗೆ ಓಡಿದಾಗ ಎಲೆಗಳ ರಾಶಿಯೇ ಇರಲಿಲ್ಲ. ಯಾವುದೋ ಹಟ್ಟಿಯ ದನಗಳಿಗೆಂದು ಪಿಕಪ್‌ನಲ್ಲಿ ತುಂಬಿಕೊಂಡು ಹೋಗಿಯಾಗಿತ್ತು. ದೇವರೇ, ಯಾವುದಾದರೂ ದನದ ಹೊಟ್ಟೆಗೆ ಹೋಗದಿರಲಿ ಎಂದು ಮೊದಲು ಅದನ್ನೇ ಬೇಡಿಕೊಂಡೆ. ಅಡುಗೆಯವರು ಪಿಕಪ್‌ನವನಿಗೆ ಫೋನು ಮಾಡಿ ಎಲೆ ಬಿಡಿಸಿ ನೋಡಿಯೇ ಹಾಕು ಎಂದರು. ಕೈ ತೊಳೆಯುವಲ್ಲಿ ಇದ್ದ ಒಬ್ಬ ಅಜ್ಜಿ, “ಕೊರಗಜ್ಜನಿಗೆ ಒಂದು ಚಕ್ಕುಲಿ ಹರಕೆ ಹೇಳಿ ಅಮ್ಮ, ಕಳೆದದ್ದು ಸಿಕ್ಕಿಯೇ ಸಿಗ್ತದೆ” ಎಂದರು. ದೈವಕ್ಕೆ ಹೇಳಿಕೊಂಡೆ. ಮತ್ತೂ ಚಕ್ಕುಲಿಯೇ ಎಂದು ಮನಸ್ಸಿನಲ್ಲಿ ನಗುವೂ ಬಂತು.

ಇನ್ನೊಂದು ಕೀಲಿ ಇಲ್ಲವೇ ಎಂದು ನೀವು ಕೇಳುವವರೇ. ಉಂಟು. ಎಲ್ಲಿ ಉಂಟು ಎಂದು ಗೊತ್ತಿಲ್ಲ. ಕಾರು ತಂದ ದಿನ ಎರಡು ಕೀಲಿ ಕೊಟ್ಟಿದ್ದರು. ಒಂದನ್ನು ಅಮ್ಮನ ಕೈಗೆ ಕೊಟ್ಟೆ. ಆಗ ಅಮ್ಮ ದೇಲಂಪಾಡಿ ಬಿಟ್ಟು ನನ್ನ ಜೊತೆಯೇ ಇದ್ದಳು, ಅವಳಿಗೆ ನಾನು, ನನಗೆ ಅವಳು. ಕೇಳಿದಾಗೆಲ್ಲ, “ನಾನು ಜೋಪಾನ ಮಾಡಿ ಇಟ್ಟಿದ್ದೇನೆ, ನೀನು ಸುಮ್ಮನಿರು” ಎನ್ನುತ್ತಿದ್ದಳು. ಎಂಥ ಜೋಪಾನ ಎಂದರೆ, ಅವಳು ಹೋದ ಮೇಲೆ ಅಕ್ಕಿ ಡಬ್ಬಿ, ದೇವರ ಪೆಟ್ಟಿಗೆ, ಹಳೇ ಸೀರೆಗಳ ಮಡಿಕೆ ಎಲ್ಲ ಜಾಲಾಡಿದರೂ ಅದು ಸಿಗಲಿಲ್ಲ. ಆಮೇಲೆ ಮನೆ ಬದಲಾಯಿಸಿ ಬಂದ್ಯೋಡಿನ ಈಗಿನ ಬಾಡಿಗೆ ಮನೆಗೆ ಬಂದೆ. ಅಮ್ಮನ ಜೋಪಾನ ಹಳೇ ಮನೆಯಲ್ಲೇ ಎಲ್ಲೋ ಉಳಿದಿರಬೇಕು.

ಹಾಲಿನ ಮ್ಯಾನೇಜರ್ ನನ್ನ ಕಾರನ್ನೂ ನನ್ನನ್ನೂ ನೋಡಿ ತಲೆ ಕೆರೆದುಕೊಂಡ. ಕಾರು ಸರಿಯಾಗಿ ಗೇಟಿಗೆ ಅಡ್ಡ ನಿಂತಿತ್ತು. “ಸಂಜೆ ಇಲ್ಲಿ ಬೇರೆ ರಿಸೆಪ್ಷನ್ ಉಂಟು ಮೇಡಂ. ಗಾಡಿ ತೆಗೀಲೇಬೇಕು” ಎಂದ. ಪಾಪ, ಅವನೇ ಬಸ್‌ಸ್ಟ್ಯಾಂಡಿನ ಹತ್ತಿರದ ಕೀಲಿ ಮಾಡುವವನಿಗೆ ಫೋನು ಮಾಡಿ ಕರೆಸಿದ. ಹಮೀದ್ ಎಂದು ಹೆಸರು. ಸ್ಕೂಟರಿನ ಹಿಂದೆ ಕಬ್ಬಿಣದ ಪೆಟ್ಟಿಗೆ ಕಟ್ಟಿಕೊಂಡು ಬಂದ, ಕಾರಿಗೆ ಒಂದು ಸುತ್ತು ಬಂದ, ಮುಖ ಅರಳಿತು.

“ಹಳೇ ಗಾಡಿ. ಕೀಲಿಯಲ್ಲಿ ಚಿಪ್ ಗಿಪ್ ಎಂತ ಇಲ್ಲ. ಅರದಲ್ಲಿ ಉಜ್ಜಿದ್ರೆ ಆಯ್ತು. ಆರ್‌ಸಿ ಎಲ್ಲುಂಟು ಟೀಚರೇ?”

ಈ ಟೀಚರ್ ವಿಷಯ ಆಮೇಲೆ ಹೇಳುತ್ತೇನೆ.

“ಆರ್‌ಸಿ ಕಾರಿನ ಒಳಗೆ ಉಂಟು” ಎಂದೆ.

“ಎಲ್ಲರದ್ದೂ ಒಳಗೇ ಇರುದು” ಎಂದು ಹಮೀದ್ ಪೆಟ್ಟಿಗೆಯ ಮುಚ್ಚಳ ಮುಚ್ಚಿದ. ಮೊಬೈಲಿನಲ್ಲಿ ಸಿಗುತ್ತದಲ್ಲ ಎಂದ ಮ್ಯಾನೇಜರ್. ಸಿಗುತ್ತದಂತೆ, ಆದರೆ ಅದರ ಗುಟ್ಟಿನ ನಂಬರು ಹೋಗುವುದು ನಾನು ಯಾವತ್ತೋ ಬಿಟ್ಟ ಹಳೇ ಸಿಮ್ಮಿಗೆ. “ನೀವು ಬೇಜಾರು ಮಾಡ್ಬೇಡಿ” ಎಂದ ಹಮೀದ್. “ಒಮ್ಮೆ ಹೀಗೇ ಒಬ್ರು ಗಡಿಬಿಡಿ ಮಾಡಿದ್ರು ಅಂತ ಬಾಗಿಲು ತೆಗೆದು ಕೊಟ್ಟೆ. ನೋಡಿದ್ರೆ ಗಂಡ ಹೆಂಡತಿಗೆ ಜಗಳ. ಕೀಲಿ ಕಳೆದದ್ದಲ್ಲ, ಹೆಂಡತಿ ಅಡಗಿಸಿ ಇಟ್ಟದ್ದು. ಅವ್ರಿಬ್ರು ಆಮೇಲೆ ಸರಿ ಆದ್ರು, ನಾನು ಪೊಲೀಸ್ ಸ್ಟೇಷನ್ನಿನ ಬೆಂಚಲ್ಲಿ ಕೂತೆ. ಅಲ್ಲಿಂದ ಮತ್ತೆ ನಂದೊಂದು ಕಾನೂನು. ಪೇಪರ್ ಇಲ್ಲದಿದ್ರೆ ನಿಮ್ಮ ಪರಿಚಯದವ್ರು ಒಬ್ರು ಬಂದು ಕಾರು ಇವರದ್ದೇ ಅಂತ ನನ್ನ ಎದುರು ಹೇಳ್ಬೇಕು.”

“ಇವರು ಹೇಳ್ತಾರಲ್ಲ” ಎಂದು ಮ್ಯಾನೇಜರನ್ನು ತೋರಿಸಿದೆ.

“ನನಗೆ ಇವರ ಪರಿಚಯ ಇಲ್ಲಪ್ಪ” ಎಂದು ಅವನು ಒಂದು ಹೆಜ್ಜೆ ಹಿಂದೆ ಸರಿದ.

“ಒಬ್ರು ಸಾಕು ಟೀಚರೇ. ಮದುವೆಗೆ ಬಂದವ್ರು, ನಿಮ್ಮವ್ರು ಒಬ್ರು ಇರ್ಲಿಕ್ಕಿಲ್ವಾ?” ಎಂದ ಹಮೀದ್.

ಅವನು ತುಂಬ ಸಲೀಸಾಗಿ ಕೇಳಿದ. ನಾನು ಹಾಲಿನ ಬಾಗಿಲಲ್ಲಿ ನಿಂತು ಒಳಗಿನ ಜನಜಂಗುಳಿ ನೋಡಿದೆ.

ನಾನು ಕೆಲಸ ಮಾಡುತ್ತಿದ್ದದ್ದು ಕಾಸರಗೋಡಿನಲ್ಲೇ, ಒಂದು ಲ್ಯಾಬಿನಲ್ಲಿ. ರಕ್ತ ತೆಗೆಯುವ ಕೆಲಸ. ಅರ್ಧ ಊರಿನ ಕೈ ಹಿಡಿದಿದ್ದೇನೆ ಎಂದರೆ ಸುಳ್ಳಲ್ಲ. ಆದರೆ ರಕ್ತ ತೆಗೆಯುವಾಗ ಜನ ಏನು ಮಾಡುತ್ತಾರೆ ಹೇಳಿ. ಮುಖ ಆಚೆ ತಿರುಗಿಸುತ್ತಾರೆ. ಗೋಡೆ ನೋಡುತ್ತಾರೆ, ಕ್ಯಾಲೆಂಡರ್ ನೋಡುತ್ತಾರೆ, ಕಣ್ಣು ಮುಚ್ಚಿ ದೇವರನ್ನು ನೋಡುತ್ತಾರೆ. ಸೂಜಿ ತೆಗೆದ ಮೇಲೆ ಹತ್ತಿಯನ್ನು ಒತ್ತಿ ಹಿಡಿದುಕೊಂಡು, ಹತ್ತಿಯನ್ನೇ ನೋಡುತ್ತ ಎದ್ದು ಹೋಗುತ್ತಾರೆ. ನಾನು ಸರ್ವಿಸಿನುದ್ದಕ್ಕೂ ಮುಖ ತಿರುಗಿಸಿದ ಜನರ ನಡುವೆ ಬದುಕಿದವಳು. ಆಗ ಇದು ತಮಾಷೆಯಾಗಿ ಕಾಣುತ್ತಿತ್ತು, ಮನೆಗೆ ಬಂದು ಅಮ್ಮನ ಎದುರು ಒಬ್ಬೊಬ್ಬರ ಮುಖ ಮಾಡಿ ತೋರಿಸಿ ನಗಿಸುತ್ತಿದ್ದೆ.

ಹಾಲಿನೊಳಗೆ ನನಗೆ ಗುರುತಿದ್ದವರು ಬೇಕಾದಷ್ಟು ಜನ ಇದ್ದರು. ಕೆಂಪು ಸೀರೆಯ ಆ ಹೆಂಗಸಿನ ಎಡಗೈಯಲ್ಲಿ ನಾಳ ಸಿಗುವುದೇ ಇಲ್ಲ, ಬಲಗೈಯೇ ಬೇಕು. ಮೂಲೆಯಲ್ಲಿ ಐಸ್‌ಕ್ರೀಮ್ ತಿನ್ನುತ್ತಿದ್ದ ರಾಯರು ಖಂಡಿತ ತಿನ್ನಬಾರದಿತ್ತು, ಅವರ ಸಕ್ಕರೆ ನನಗೆ ಗೊತ್ತಿಲ್ಲವೇ! ಅವರ ಹತ್ತಿರವೇ ಹೋಗಿ, “ನನ್ನ ಗುರುತು ಸಿಕ್ಕಿತಾ?” ಎಂದೆ. ಅವರು ಚಮಚ ಕೆಳಗಿಟ್ಟು ದೀರ್ಘವಾಗಿ ನೋಡಿದರು. “ಸಿಗದೆ? ನೀವು ಬ್ಯಾಂಕಿನಲ್ಲಿ ಇದ್ದವ್ರಲ್ವಾ? ಈಗ ಆ ಬ್ಯಾಂಕೇ ಇಲ್ಲ ಬಿಡಿ” ಎಂದರು. ಹೌದು ಹೌದು ಎಂದು ಹೇಳಿ ಬಂದೆ. ಕೆಂಪು ಸೀರೆಯವರು ನಕ್ಕು, “ನೀವು ಹುಡುಗನ ಕಡೆಯವರಾ?” ಎಂದರು. ಲ್ಯಾಬಿನವಳು ಎಂದು ನಾನೇ ಹೇಳಬಹುದಿತ್ತು. ಹೇಳಿದ ಮೇಲೂ ಅವರು ‘ಯಾವ ಲ್ಯಾಬು’ ಎಂದು ಕೇಳಿದರೆ? ನನಗೆ ಅಷ್ಟು ಧೈರ್ಯ ಇರಲಿಲ್ಲ.

ಉಳಿದದ್ದು ಪ್ರೇಮಕ್ಕ ಒಬ್ಬರೇ. ಮದುಮಗಳ ತಾಯಿ, ನನ್ನನ್ನು ಮದುವೆಗೆ ಕರೆದವರು. ಬಂದ್ಯೋಡಿನಲ್ಲಿ ನಮ್ಮ ಓಣಿಯ ಕೊನೆಯ ಮನೆ ಅವರದ್ದು. ಬಹಳ ವರ್ಷ ಗಂಡನ ಜೊತೆ ಗಲ್ಫಿನಲ್ಲಿದ್ದು ಈಚೆಗೆ ಬಂದವರು. ನಮ್ಮಿಬ್ಬರ ಗೆಳೆತನ ಎಂದರೆ ಗೇಟಿನಾಚೆ ಈಚೆ ಒಂದು ನಗು, “ಊಟ ಆಯ್ತಾ ಟೀಚರ್?”, ಅಷ್ಟೇ. ನಾನು ಟೀಚರಲ್ಲ. ಆದರೆ ನಮ್ಮ ಕಾಸರಗೋಡಿನಲ್ಲಿ ಸ್ವಲ್ಪ ವಯಸ್ಸಾದ ಹೆಂಗಸು ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು, ಹೆಗಲಿಗೆ ಬ್ಯಾಗು ಹಾಕಿ, ಅದರ ಮೇಲೆ ಹಳೇ ಕಾರೂ ಓಡಿಸಿದರೆ ಅವಳು ಟೀಚರೇ. ತರಕಾರಿ ಅಂಗಡಿಯವರು ಮಲಯಾಳದಲ್ಲಿ ಟೀಚರೇ ಎನ್ನುತ್ತಾರೆ, ಮೀನಿನವರು ಬ್ಯಾರಿಯಲ್ಲಿ, ಹಾಲಿನವರು ತುಳುವಿನಲ್ಲಿ. ಮೊದಮೊದಲು ಅಲ್ಲ ಅಲ್ಲ ಎನ್ನುತ್ತಿದ್ದೆ. ಯಾರಿಗೂ ಕೇಳಿಸಲಿಲ್ಲ, ಬಿಟ್ಟುಬಿಟ್ಟೆ.

ಪ್ರೇಮಕ್ಕ ಮದುವೆ ಕಾಗದ ಕೊಡಲು ಬಂದ ದಿನ ನಾನು ಗಡಿಬಿಡಿಯಲ್ಲಿ ಒದ್ದೆ ಕೈಯಲ್ಲೇ ತೆಗೆದುಕೊಂಡಿದ್ದೆ. ಮೇಲೆ ‘ಟೀಚರ್ ಮತ್ತು ಮನೆಯವರು’ ಎಂದು ಬರೆದಿತ್ತು. ಮನೆಯವರು ಎಂದರೆ ಅಡುಗೆಮನೆಗೆ ಬರುವ ಕಪ್ಪು ಬೆಕ್ಕು ಒಂದೇ. “ಖಂಡಿತ ಬರ್ಬೇಕು. ಮಗಳಿಗೆ ನಿಮ್ಮ ಆಶೀರ್ವಾದ ಬೇಕೇ ಬೇಕು” ಎಂದಿದ್ದರು. ಬಾಗಿಲಿಗೆ ಬಂದು ಹಾಗೆ ಕರೆದವರು ಯಾರೂ ಇರಲಿಲ್ಲ ಇತ್ತೀಚೆಗೆ. ಸೀರೆ ಆರಿಸಲಿಕ್ಕೇ ಒಂದು ಮಧ್ಯಾಹ್ನ ಕಳೆದೆ. ಮದುವೆಯ ದಿನ ಸ್ಟೇಜು ಹತ್ತಿದಾಗ ಆ ಹುಡುಗಿ ಒಂದು ಗಳಿಗೆ ನನ್ನ ಮುಖದಲ್ಲಿ ಏನನ್ನೋ ಹುಡುಕಿದಳು, ಆಮೇಲೆ ಅಷ್ಟು ಭಾರದ ಸೀರೆಯಲ್ಲೂ ಬಗ್ಗಿ ನನ್ನ ಕಾಲು ಮುಟ್ಟಿದಳು. ನನ್ನ ಕಣ್ಣು ತುಂಬಿತ್ತು. ಫೋಟೋದವನು “ಸ್ಮೈಲ್ ಮೇಡಂ” ಎಂದ.

ಈಗ ಅದೇ ಪ್ರೇಮಕ್ಕನ ಹತ್ತಿರ ಹೋಗಿ, ಮಗಳನ್ನು ಕಳಿಸಿಕೊಡುವ ಗಡಿಬಿಡಿಯ ನಡುವೆ, ನನ್ನ ಎಲೆಯ ಕಥೆ ಹೇಳಬೇಕಾಯಿತು. ಅವರು ಕೈಯಲ್ಲಿದ್ದ ಮಲ್ಲಿಗೆ ಚೆಂಡನ್ನು ಯಾರಿಗೋ ಕೊಟ್ಟು, “ಅಯ್ಯೋ ಟೀಚರ್, ಎಂತ ಮಾರಾಯ್ರೆ ನೀವು! ಬನ್ನಿ” ಎಂದು ನನ್ನ ಕೈ ಹಿಡಿದುಕೊಂಡೇ ಹೊರಗೆ ಬಂದರು. ಆ ಕೈ ಹಿಡಿತಕ್ಕೆ ನನಗೆ ಜೀವ ಬಂದ ಹಾಗಾಯಿತು. ಇದ್ದಾರೆ ನನಗೂ ಒಬ್ಬರು ಎಂದುಕೊಂಡೆ.

“ಇವ್ರು ನಮ್ಮ ಓಣಿಯವ್ರು” ಎಂದರು ಪ್ರೇಮಕ್ಕ ಹಮೀದನಿಗೆ, ಗಟ್ಟಿಯಾಗಿ. “ವಿಮಲಾ ಟೀಚರ್. ನನ್ನ ಮಗಳಿಗೆ ಒಂದನೇ ಕ್ಲಾಸಿನಲ್ಲಿ ಅಕ್ಷರ ಕಲಿಸಿದವ್ರು. ಕಾರು ಅವರದ್ದೇ, ನೀವು ಕೀಲಿ ಮಾಡಿ.”

“ಸಾಕು ಸಾಕು. ಆರ್‌ಸಿಯಲ್ಲೂ ವಿಮಲಾ ಅಂತ ಇದ್ರೆ ಮುಗೀತು” ಎಂದು ಹಮೀದ್ ಖುಷಿಯಲ್ಲಿ ಪೆಟ್ಟಿಗೆ ತೆರೆದ.

ವಿಮಲಾ ಟೀಚರ್ ಯಾರೆಂದು ಆ ಕ್ಷಣ ತಿಳಿಯಿತು. ನಾನು ಬರುವ ಮೊದಲು ಆ ಮನೆಯಲ್ಲಿ ಬಾಡಿಗೆಗೆ ಇದ್ದವರು. ಅವರ ಹೆಸರಿನ ಪತ್ರಿಕೆಗಳು ಈಗಲೂ ಒಮ್ಮೊಮ್ಮೆ ನನ್ನ ಜಗಲಿಗೆ ಬಂದು ಬೀಳುತ್ತವೆ. ಪ್ರೇಮಕ್ಕ ಗಲ್ಫಿನಲ್ಲಿದ್ದಾಗ ಮಗಳು ಇಲ್ಲಿ ಅಜ್ಜಿಯ ಜೊತೆ ಇದ್ದು ಕಲಿತಳಂತೆ. ಆ ಮನೆ ಅವರಿಗೆ ಟೀಚರ ಮನೆ. ಅದರೊಳಗಿಂದ ಟೀಚರ್ ಎಂದು ಕರೆಸಿಕೊಳ್ಳುವ ಹೆಂಗಸೊಬ್ಬಳು ಹೊರಗೆ ಬಂದರೆ ಅವಳು ಇನ್ನಾರು? ಕಾಗದ ವಿಮಲಾ ಟೀಚರಿಗೆ ಬಂದದ್ದು. ಹುಡುಗಿ ಕಾಲು ಮುಟ್ಟಿದ್ದು ವಿಮಲಾ ಟೀಚರದ್ದು. ಹೋಳಿಗೆ ಮಾತ್ರ ನಾನು ತಿಂದೆ.

ಸುಮ್ಮನಿರೋಣ ಎಂದು ಒಂದು ಕ್ಷಣ ಅನ್ನಿಸಿತು, ಪ್ರೇಮಕ್ಕ ಒಳಗೆ ಹೋಗಲಿ, ಆಮೇಲೆ ಹಮೀದನಿಗೆ ಏನಾದರೂ ಹೇಳಿದರಾಯಿತು. ಆದರೆ ಅವರು ಇನ್ನೂ ನನ್ನ ಕೈ ಬಿಟ್ಟಿರಲಿಲ್ಲ. ಬೇರೆಯವಳ ಕೈ ಎಂದುಕೊಂಡು ಹಿಡಿದ ಹಿಡಿತವನ್ನು ಇಟ್ಟುಕೊಂಡು ಏನು ಮಾಡಲಿ?

“ನನ್ನ ಹೆಸರು ವಾರಿಜಾ” ಎಂದೆ. “ನಾನು ಟೀಚರಲ್ಲ ಪ್ರೇಮಕ್ಕ. ಲ್ಯಾಬಿನಲ್ಲಿ ಇದ್ದದ್ದು. ವಿಮಲಾ ಟೀಚರ್ ಆ ಮನೆ ಬಿಟ್ಟು ಹೋಗಿ ಬಹಳ ಸಮಯ ಆಯ್ತು. ನನಗೆ ಈಗಲೇ ಗೊತ್ತಾದದ್ದು.”

ಪ್ರೇಮಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರು ನನ್ನನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ಕೈ ತಾನಾಗಿ ಸಡಿಲವಾಯಿತು.

“ಹಾಗಾದ್ರೆ ಮಗಳು ಕಾಲು ಹಿಡಿದದ್ದು?” ಎಂದರು.

“ನಂದೇ” ಎಂದೆ. ಇನ್ನೇನು ಹೇಳಲಿ? ಕರೆಯದ ಮನೆಯಲ್ಲಿ ಎರಡು ಸಲ ಪಾಯಸ ಹಾಕಿಸಿಕೊಂಡವಳು ನಾನು. ಭೂಮಿ ಬಾಯಿಬಿಟ್ಟರೆ ಕಾರಿನ ಸಮೇತ ಇಳಿದುಬಿಡುತ್ತಿದ್ದೆ. ಹಮೀದ್ ಮತ್ತೆ ಪೆಟ್ಟಿಗೆಯ ಮುಚ್ಚಳದ ಮೇಲೆ ಕೈ ಇಟ್ಟ.

“ಇದೆಂತ ಅಮ್ಮಾ, ಪರಿಚಯ ಉಂಟಾ ಇಲ್ವಾ? ಒಂದು ಹೇಳಿ” ಎಂದ ಪ್ರೇಮಕ್ಕನಿಗೆ.

ಪ್ರೇಮಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. ಬೆಳಗಿನಿಂದ ಅತ್ತು ಅತ್ತು ಕಣ್ಣು ಕೆಂಪಾಗಿತ್ತು. “ಹೆಸರು ನನಗೆ ಗೊತ್ತಿಲ್ಲ” ಎಂದರು. “ಆದ್ರೆ ಕಾರು ಇವರದ್ದೇ. ಬನ್ನಿ ಇಲ್ಲಿ.” ಹಮೀದನನ್ನು ಕಾರಿನ ಹಿಂದೆ ಕರೆದುಕೊಂಡು ಹೋದರು. “ಈ ಗುಳಿ ಕಾಣ್ತದಾ? ಇದು ನಮ್ಮ ತೆಂಗಿನ ಗಿಡದ್ದು. ಹೈವೇ ಅಗಲ ಆಗಿ ಓಣಿಯ ಬಾಯಲ್ಲಿ ತಿರುಗಿಸ್ಲಿಕ್ಕೆ ಜಾಗ ಹೋದ ಮೇಲೆ ಇವ್ರು ದಿನಾ ನಮ್ಮ ಗೇಟಿನೆದುರು ಹಿಂದೆ ಮುಂದೆ ಮಾಡಿ ಕಾರು ತಿರುಗಿಸುದು. ಒಂದಿನ ಹಿಂದೆ ಬರುವಾಗ ಧಡ್ ಅಂತ ಗುದ್ದಿದ್ರು. ಇಳಿದು ಗಿಡಕ್ಕೆ ಕೈಯಲ್ಲಿ ಹೀಗೆ ಉಜ್ಜಿದ್ರು, ಯಾರಾದ್ರೂ ನೋಡಿದ್ರಾ ಅಂತ ನೋಡಿದ್ರು, ಮತ್ತೆ ಹೋದ್ರು. ನಾನು ಕಿಟಕಿಯಲ್ಲಿ ನಿಂತು ನಗಾಡಿದ್ದೇ ನಗಾಡಿದ್ದು.”

ಹಮೀದ್ ಗುಳಿಗೆ ಕೈ ಹಾಕಿ ನೋಡಿದ. ನನ್ನ ಮುಖ ನೋಡಿದ. ನನ್ನ ಮುಖ ಹೇಗಿತ್ತೋ, ಅವನು ಜೋರಾಗಿ ನಕ್ಕ. “ಇದು ಸಾಕು” ಎಂದ.

ಯಾರೂ ನೋಡಲಿಲ್ಲ ಎಂದು ನಾನು ನಂಬಿಕೊಂಡಿದ್ದೆ. ಆ ಸಂಜೆ ಮನೆಗೆ ಬಂದು ಒಬ್ಬಳೇ ನಕ್ಕಿದ್ದೆ ಕೂಡ, ಹೇಳಲು ಅಮ್ಮ ಇರಲಿಲ್ಲವಲ್ಲ. ಅದೇ ಹೊತ್ತಿಗೆ ಓಣಿಯ ಆ ತುದಿಯಲ್ಲಿ ಇನ್ನೊಬ್ಬರು ಅದಕ್ಕೇ ನಗುತ್ತಿದ್ದರು. ನಾಚಿಕೆಯಾಗಬೇಕಿತ್ತು. ನನಗೆ ಆದದ್ದು ಸಂತೋಷ. ನನ್ನನ್ನು ಒಬ್ಬರು ನೋಡಿದ್ದರು.

ಪ್ರೇಮಕ್ಕ ಒಳಗೆ ಓಡಿದರು, ಮಗಳು ಹೊರಡುವ ಹೊತ್ತಾಗಿತ್ತು. ಅವರಿಗೆ ಬೇಜಾರಿತ್ತೋ ಇಲ್ಲವೋ ತಿಳಿಯಲಿಲ್ಲ. ಹಮೀದ್ ಕಿಟಕಿಗಾಜಿನ ಸಂದಿಗೆ ಒಂದು ತಗಡಿನ ಪಟ್ಟಿ ಇಳಿಸಿ ಬಾಗಿಲು ತೆರೆದ, ಹಲ್ಲಿಲ್ಲದ ಖಾಲಿ ಕೀಲಿಯೊಂದನ್ನು ತೂರಿಸಿ ತಿರುಗಿಸಿ ತೆಗೆದು ಅರದಲ್ಲಿ ಉಜ್ಜುತ್ತ ಕುಳಿತ. ನಡುವೆ ಆರ್‌ಸಿ ಕೇಳಿ ಅಕ್ಷರ ಕೂಡಿಸಿ ಓದಿದ. “ವಾ-ರಿ-ಜಾ. ಸರಿ ಉಂಟು ವಾರಿಜಕ್ಕ.” ಲ್ಯಾಬಿನಲ್ಲಿ ಸಿಸ್ಟರ್, ಓಣಿಯಲ್ಲಿ ಟೀಚರ್, ಆಫೀಸುಗಳಲ್ಲಿ ಮೇಡಂ. ಅಮ್ಮ ಹೋದ ಮೇಲೆ ನನ್ನ ಹೆಸರನ್ನು ಬಾಯಿಬಿಟ್ಟು ಹೇಳಿದವರು ಯಾರಾದರೂ ಇದ್ದರೇ ಎಂದು ಯೋಚಿಸಿದೆ. ನೆನಪಾಗಲಿಲ್ಲ. ಅಷ್ಟರಲ್ಲಿ ಕಾರು ಗುರ್ರೆಂದಿತು.

“ಎರಡು ಮಾಡಿದ್ದೇನೆ” ಎಂದ ಹಮೀದ್. “ಇದೊಂದು ನಿಮ್ಮ ಮನೆಯಲ್ಲಿ ಇಡ್ಬೇಡಿ. ಎರಡೂ ಒಂದೇ ಕಡೆ ಇದ್ರೆ ಎಂತ ಪ್ರಯೋಜನ? ಯಾರಾದ್ರೂ ನಿಮ್ಮವ್ರ ಹತ್ರ ಕೊಟ್ಟಿಡಿ.” ಆಯಿತು ಎಂದೆ.

ಆ ಎರಡನೇ ಕೀಲಿ ಬಹಳ ದಿನ ನನ್ನ ಊಟದ ಮೇಜಿನ ಮೇಲೆ ಇತ್ತು. ನಾನು ಊಟ ಮಾಡುವಾಗ ಅದು ನನ್ನನ್ನು ನೋಡುತ್ತಿತ್ತು. ಅಮ್ಮನ ಹಾಗೆ ಜೋಪಾನ ಮಾಡುವ ಎಂದರೆ ಯಾರಿಂದ ಜೋಪಾನ? ಕಾರು ತಿರುಗಿಸಲು ಪ್ರೇಮಕ್ಕನ ಗೇಟಿನವರೆಗೆ ಹೋಗುವುದನ್ನೂ ಬಿಟ್ಟಿದ್ದೆ. ಓಣಿಯ ಈ ತುದಿಯಲ್ಲೇ, ಕಾಂಪೌಂಡಿಗೆ ಉಜ್ಜುತ್ತ ಉಜ್ಜುತ್ತ ತಿರುಗಿಸುತ್ತಿದ್ದೆ. ಕಿಟಕಿಯಲ್ಲಿ ಯಾರಾದರೂ ಇದ್ದರೆ ಏನು ಮಾಡುವುದು, ಯಾರೂ ಇಲ್ಲದಿದ್ದರೆ ಏನು ಮಾಡುವುದು, ಎರಡೂ ಹೆದರಿಕೆಯೇ. ಹಳೇ ಕೀಲಿಯಂತೂ ಸಿಗಲಿಲ್ಲ. ಕೊರಗಜ್ಜನಿಗೆ ಚಕ್ಕುಲಿ ಬಾಕಿ ಉಂಟೋ ಇಲ್ಲವೋ ಎಂಬುದು ಇನ್ನೊಂದು ತಲೆಬಿಸಿ.

ಕೊನೆಗೆ ಒಂದು ಬೆಳಿಗ್ಗೆ ಕೀಲಿ ಹಿಡಿದುಕೊಂಡು ನಡೆದೇ ಹೋದೆ. ತೆಂಗಿನ ಗಿಡ ಚೆನ್ನಾಗಿಯೇ ಇತ್ತು. ಬೆಲ್ ಒತ್ತಿದೆ. ಒಳಗೆ ಕುಕ್ಕರಿನ ಸದ್ದು.

“ಯಾರು?” ಎಂದರು ಪ್ರೇಮಕ್ಕ ಅಡುಗೆಮನೆಯಿಂದಲೇ.

ಟೀಚರ್ ಎಂದಿದ್ದರೆ ಸುಲಭವಿತ್ತು. “ವಾರಿಜಾ” ಎಂದೆ.

ಕುಕ್ಕರ್ ಒಂದು ಸಲ ಕೂಗಿತು. “ಯಾವ ವಾರಿಜಾ?”

“ಕಾರಿನ ವಾರಿಜಾ.”

“ಓ, ಟೀಚರಾ! ಹಾಗೆ ಹೇಳ್ಬಾರ್ದಾ ಮಾರಾಯ್ರೆ? ಬನ್ನಿ ಒಳಗೆ. ನಿಮ್ಮ ಕಾರು ಕಾಣದೆ ಊರಿಗೆ ಹೋಗಿದ್ದೀರಾ ಅಂತ ಮಾಡಿದ್ದೆ.”

ನಗುವೂ ಬಂತು, ಬೇಜಾರೂ ಆಯಿತು. ಚಪ್ಪಲಿ ಬಿಟ್ಟು ಒಳಗೆ ಹೋದೆ. ಕೀಲಿ ಕೊಟ್ಟು, ಇದು ನಿಮ್ಮ ಹತ್ತಿರ ಇರಬಹುದಾ ಎಂದು ಕೇಳಿದೆ. ಪ್ರೇಮಕ್ಕ ಒದ್ದೆ ಕೈ ಒರೆಸಿಕೊಂಡು ಕೀಲಿ ತೆಗೆದುಕೊಂಡರು. ಬಾಗಿಲ ಪಕ್ಕದ ಹಲಗೆಯಲ್ಲಿ ಮನೆಯ ಕೀಲಿಗಳೆಲ್ಲ ನೇತಾಡುತ್ತಿದ್ದವು. ಒಂದು ಕೊಕ್ಕೆ ಖಾಲಿ ಇತ್ತು. “ಮಗಳ ಸ್ಕೂಟರಿಂದು ಇತ್ತು ಇಲ್ಲಿ” ಎಂದು ಅದನ್ನೇ ಸ್ವಲ್ಪ ಹೊತ್ತು ನೋಡಿ, ನನ್ನ ಕೀಲಿಯನ್ನು ಅಲ್ಲಿ ಸಿಕ್ಕಿಸಿದರು.

ಆಮೇಲೆ ನನ್ನ ಕಡೆ ತಿರುಗಿದರು. “ಹೆಸರು ಇನ್ನೊಮ್ಮೆ ಹೇಳಿ” ಎಂದರು. “ಮರೆತೇ ಹೋಯ್ತು ನೋಡಿ.”

ಹೇಳಿದೆ.